ಕುರ್ಚಿ ಕ್ಯಾಪ್ಟನ್

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಅದು ಕನ್ನಡಕದಂಗಡಿಯವನ ಪಾಲಿಗೆ ಕಣ್ಣಿನ ವಿಷಯದಲ್ಲಿ ನಿಜವಾಗಿತ್ತು. ಇಪ್ಪತ್ತೆಂಟು ವರ್ಷ ಊರವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಟ್ಟವನು ಅವನು. ತನ್ನ ಎಡಗಣ್ಣು ಮಾತ್ರ ಹುಟ್ಟಿನಿಂದಲೇ ಮಂಜು. ವಿಮಾನ ಹಾರಿಸುವ ಹುಚ್ಚಿಗೆ ಆ ಮಂಜು ಅಡ್ಡ ಬರಲಿಲ್ಲ, ಲೈಸೆನ್ಸಿಗೆ ಬಂತು. ಫ್ಲೈಯಿಂಗ್ ಕ್ಲಬ್ಬಿನ ಡಾಕ್ಟರು ಒಂದೇ ನಿಮಿಷದಲ್ಲಿ ತಲೆಯಾಡಿಸಿ ಮನೆಗೆ ಕಳಿಸಿದರು.

ಮನೆಗೆ ಬಂದವನು ಮನೆಯಲ್ಲೇ ಹಾರಿದ. ಹಿಂದಿನ ಕೋಣೆಯಲ್ಲಿ ಗುಜರಿಯಿಂದ ತಂದ ಕಾರಿನ ಸೀಟು, ಅದರೆದುರು ಮೂರು ಪರದೆ, ಕೈಗೊಂದು ಹಿಡಿ, ಕಾಲಿಗೆ ಪೆಡಲು. ಸಿಮ್ಯುಲೇಟರ್ ಎಂಬ ಆ ಆಟದೊಳಗೆ ಗಾಳಿಯಿತ್ತು, ಮೋಡವಿತ್ತು, ಊರಾಚೆಯ ಕ್ಲಬ್ಬಿನ ರನ್‌ವೇ ಇದ್ದದ್ದು ಇದ್ದ ಹಾಗೇ ಇತ್ತು. ಸೀಟಿನಿಂದ ಏಳದೆ ಅವನು ನಾಲ್ಕು ಸಾವಿರ ಗಂಟೆ ಹಾರಿದ್ದ. ಮದುವೆಯಾಗದವನಾದ್ದರಿಂದ ಕೇಳುವವರೂ ಇರಲಿಲ್ಲ. ಕ್ಲಬ್ಬಿನವರು ಅವನಿಗೆ ಇಟ್ಟ ಹೆಸರು ಕುರ್ಚಿ ಕ್ಯಾಪ್ಟನ್. ತಮಾಷೆಗೆ ಇಟ್ಟದ್ದನ್ನು ಅವನು ಬಿರುದಿನಂತೆ ಹೊತ್ತುಕೊಂಡು ತಿರುಗುತ್ತಿದ್ದ.

ನಿಜವಾಗಿ ಹಾರಿದವನು ಅವನ ತಮ್ಮ. ತಮ್ಮನ ಕೆಲಸ ಲಿಫ್ಟ್ ರಿಪೇರಿ. "ವಾರವೆಲ್ಲ ಜನರನ್ನ ಮೇಲೆ ಕೆಳಗೆ ಮಾಡ್ತೀನಿ, ಭಾನುವಾರವಾದ್ರೂ ಸ್ವಲ್ಪ ಅಡ್ಡಡ್ಡ ಹೋಗ್ಬೇಡ್ವಾ" ಅನ್ನುತ್ತಿದ್ದ. ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕಲಿತು, ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡ. ಪ್ರತಿ ಹಾರಾಟ ಮುಗಿಸಿ ನೇರ ಅಣ್ಣನ ಕೋಣೆಗೆ ಬಂದು ವರದಿ ಒಪ್ಪಿಸುತ್ತಿದ್ದ. ಅಣ್ಣ ತಪ್ಪು ಹುಡುಕುತ್ತಿದ್ದ. ದಡದ ಮೇಲೆ ನಿಂತು ಈಜು ಹೇಳಿಕೊಡುವವರ ದನಿ ಯಾವಾಗಲೂ ಒಂದು ಕೈ ಮೇಲೆಯೇ ಇರುತ್ತದೆ.

ಕ್ಲಬ್ಬಿನಲ್ಲಿ ಕಲಿಸುತ್ತಿದ್ದ ಮೇಡಂಗೆ ಅರವತ್ತರ ಹತ್ತಿರ. ಮಾತು ಕಡಿಮೆ. ಒಂದು ಮಾತನ್ನು ಮಾತ್ರ ದಿನಾ ಹೇಳಿಸುತ್ತಿದ್ದರು: ಮೇಲೇರುವಾಗ ಏಳುನೂರು ಅಡಿಗಿಂತ ಕೆಳಗೆ ಇಂಜಿನ್ ನಿಂತರೆ ಮೂಗು ತಗ್ಗಿಸು, ಎದುರಿಗೆ ಸಿಕ್ಕಿದ್ದರಲ್ಲಿ ಇಳಿಸು, ರನ್‌ವೇ ಕಡೆ ತಿರುಗಬೇಡ. ತಮ್ಮ ಇದನ್ನು ಬಂದು ಹೇಳಿದಾಗ ಅಣ್ಣ ನಕ್ಕುಬಿಟ್ಟ.

"ನಿಮ್ಮ ಮೇಡಂ ಹೆದರುಪುಕ್ಕಲಿ ಕಣೋ. ಐನೂರು ಅಡಿಯಲ್ಲೂ ತಿರುಗಿಸಬಹುದು. ನಾನು ನೂರು ಸಲ ಮಾಡಿ ನೋಡಿದೀನಿ. ಎಂಬತ್ತಮೂರು ಸಲ ವಾಪಸ್ ಬಂದಿದೀನಿ."

ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಐನೂರು ಅಡಿಗೆ ಇಂಜಿನ್ ನಿಲ್ಲುವಂತೆ ಆಟದಲ್ಲಿ ಗುರುತು ಹಾಕಿ, ಎಡಕ್ಕೆ ವಾಲಿಸಿ, ಸುತ್ತಿಸಿ, ರನ್‌ವೇ ಮೇಲೆ ತಂದಿಟ್ಟು ತೋರಿಸಿದ. ತಮ್ಮನನ್ನೂ ಸೀಟಿಗೆ ಕೂರಿಸಿದ. ತಮ್ಮ ಎರಡು ಸಲ ಬಿದ್ದ, ಮೂರನೆಯ ಸಲ ಇಳಿದ. ಇಳಿದು ಅಣ್ಣನ ಬೆನ್ನು ತಟ್ಟಿ, "ಮೇಡಂ ಇರ್ಲಿ, ನನ್ನ ಗುರು ನೀನೇ" ಅಂದ. ಅಣ್ಣನಿಗೆ ಆ ವಾರವೆಲ್ಲ ನೆಲ ಕಾಣಲಿಲ್ಲ.

ಎಂಟು ತಿಂಗಳ ನಂತರ ಒಂದು ಭಾನುವಾರ ಬೆಳಿಗ್ಗೆ ತಮ್ಮನ ವಿಮಾನದ ಇಂಜಿನ್ ಐನೂರೈವತ್ತು ಅಡಿಯಲ್ಲಿ ನಿಂತಿತು. ಎದುರಿಗೆ ಕೊಯ್ಲು ಮುಗಿದ, ಅಂಗೈಯಂಥ ಹೊಲವಿತ್ತು. ತಮ್ಮ ಎಡಕ್ಕೆ ತಿರುಗಿಸಿದ. ಅರ್ಧ ತಿರುಗುವಷ್ಟರಲ್ಲಿ ವೇಗ ಸಾಲದೆ ರೆಕ್ಕೆ ಸೋತು, ವಿಮಾನ ಮೂಗು ಕೆಳಗಾಗಿ ಬಿತ್ತು. ತಮ್ಮ ಉಳಿಯಲಿಲ್ಲ.

ತನಿಖೆಯ ವರದಿ ಬರಲು ನಾಲ್ಕು ತಿಂಗಳು ಹಿಡಿಯಿತು. ಹನ್ನೊಂದು ಪುಟ. ಇಂಜಿನ್ ಯಾಕೆ ನಿಂತಿತು ಎಂಬುದಕ್ಕೇ ಏಳು ಪುಟ. ಕೊನೆಯ ಪುಟದಲ್ಲಿ ಒಂದು ವಾಕ್ಯ: ಪೈಲಟ್ ಪಡೆದ ತರಬೇತಿಗೆ ವಿರುದ್ಧವಾಗಿ ಹಿಂದಕ್ಕೆ ತಿರುಗಿಸಿದ್ದೇಕೆ ಎಂಬುದು ತಿಳಿದುಬಂದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಗಡಿಯಲ್ಲಿ ನಿಂತು ಓದುತ್ತಿದ್ದ ಕನ್ನಡಕದವನು ಗಿರಾಕಿಗಳ ಮುಖ ನೋಡಿದ. ಯಾರೂ ಇವನತ್ತ ನೋಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮೇಡಂ ಅಂಗಡಿಗೆ ಬಂದರು. ಫ್ರೇಮು ನೋಡಲಿಲ್ಲ, ಕೂರಲೂ ಇಲ್ಲ.

"ನನ್ನ ಹತ್ರ ಕಲ್ತವರಲ್ಲಿ ಅವನೇ ಜಾಣ," ಅಂದರು. "ಎದುರಿಗೆ ಅಂಥ ಹೊಲ ಇಟ್ಕೊಂಡು ಅವನು ಯಾಕೆ ತಿರುಗಿಸಿದ? ನಿಮಗೇನಾದ್ರೂ ಗೊತ್ತಾ?"

ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಅವರನ್ನು ಮನೆಗೆ ಕರೆದುಕೊಂಡು ಹೋದ. ಹೇಳುವ ಬದಲು ತೋರಿಸಿದ. ತಪ್ಪೊಪ್ಪಿಗೆಯಂತೆ ತೋರಿಸಲಿಲ್ಲ, ವಾದದಂತೆ ತೋರಿಸಿದ. ಐನೂರು ಅಡಿ, ಇಂಜಿನ್ ನಿಂತಿತು, ತಿರುವು, ರನ್‌ವೇ. ವಿಮಾನ ಹೂವಿನಂತೆ ಇಳಿಯಿತು. "ನೋಡಿ ಮೇಡಂ, ಆಗತ್ತೆ" ಅಂದ. ಆ ದನಿ ಅವನಿಗೇ ಹಿಡಿಸಲಿಲ್ಲ.

ಮೇಡಂ ಒಂದು ಸ್ಟೂಲು ಎಳೆದುಕೊಂಡು ಕೀಬೋರ್ಡನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಈ ಸಲ ನಾನು ನಿಲ್ಲಿಸ್ತೀನಿ. ನೀವು ಹಾರ್ತಾ ಇರಿ."

ಒಂದು ಸುತ್ತು ಹಾರಿದ. ಏನೂ ಆಗಲಿಲ್ಲ. ಎರಡು, ಮೂರು, ನಾಲ್ಕು. ಮೇಡಂ ಅಂಗಡಿಯ ಮಾತು ತೆಗೆದರು. ಓದುವ ಕನ್ನಡಕ ಒಂದು ವಾರದಿಂದ ತಲೆನೋವು ತರಿಸುತ್ತಿದೆ ಅಂದರು. ಮೂಗಿನ ಹತ್ತಿರ ಫ್ರೇಮು ಇಳಿದಿರಬೇಕು, ತಂದುಕೊಡಿ ನೋಡೋಣ ಅಂತ ಅವನು ಐದನೆಯ ಸಲ ಮೇಲೇರುತ್ತ ಹೇಳುತ್ತಿದ್ದಾಗ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಸ್ಪೀಕರಿನ ತಂತಿ ಕಿತ್ತುಬಂತೇನೋ ಅಂತ ಬಗ್ಗಿ ನೋಡಿದ. ಕಂಪ್ಯೂಟರು ಕೈಕೊಟ್ಟಿತು ಅಂದುಕೊಂಡ. ಆಮೇಲೆ ಪರದೆಯ ಮೀಟರುಗಳ ಮುಳ್ಳುಗಳನ್ನು ನೋಡಿದ, ಆಮೇಲೆ ಅರ್ಥವಾಯಿತು, ಆಮೇಲೆ ಎಡಕ್ಕೆ ತಿರುಗಿಸಿದ. ಪರದೆಯಲ್ಲಿ ನೆಲ ಗಿರಕಿ ಹೊಡೆಯುತ್ತ ಮೇಲೆ ಬಂತು.

"ಐದು ಸೆಕೆಂಡು," ಅಂದರು ಮೇಡಂ, ಬೈಯುವ ದನಿಯಲ್ಲಲ್ಲ. "ಎಲ್ಲರಿಗೂ ಅಷ್ಟು ಹಿಡಿಯತ್ತೆ, ನನಗೂ ಹಿಡಿಯತ್ತೆ. ಇಂಜಿನ್ ನಿಂತಿದೆ ಅಂತ ನಂಬೋದಕ್ಕೇ ಅಷ್ಟು ಬೇಕು. ಅಷ್ಟರಲ್ಲಿ ತಿರುಗೋದಕ್ಕೆ ಬೇಕಾದ ವೇಗ ಹೋಗಿರತ್ತೆ. ನಿಮ್ಮ ನೂರು ಸಲದಲ್ಲಿ ನೀವು ಒಂದು ಸಲನೂ ಬೆಚ್ಚಿಬಿದ್ದಿರಲಿಲ್ಲ. ಯಾವಾಗ ನಿಲ್ಲತ್ತೆ ಅಂತ ನೀವೇ ಬರೆದಿಟ್ಟಿದ್ರಿ."

ಅವನು ಹಿಡಿಯಿಂದ ಕೈ ತೆಗೆಯಲಿಲ್ಲ. "ಅವನಿಗೆ ಕಲಿಸಿದ್ದು ನಾನು ಮೇಡಂ."

"ಗೊತ್ತಾಯ್ತು," ಅಂದರು. ಬಾಗಿಲ ಹತ್ತಿರ ಹೋಗಿ ತಿರುಗಿದರು. "ವರದಿ ಮುಗಿದಿದೆ. ಇದನ್ನ ಯಾರಿಗಾದ್ರೂ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿಯಾಗಿದ್ದ ಮಾತನ್ನು ಮರಳಿ ನುಂಗುವಂತಿರಲಿಲ್ಲ. ಆದರೆ ಆಡಬೇಕಾದ ಇನ್ನೊಂದು ಮಾತಿತ್ತು. ಅದನ್ನು ಕೇಳಬೇಕಾದವಳು ತಮ್ಮನ ಹೆಂಡತಿ.

ಗಂಡ ಹೋದ ಮೇಲೆ ಅವಳು ಪ್ರತಿ ಭಾನುವಾರ ಮಧ್ಯಾಹ್ನ ಭಾವನ ಮನೆಗೆ ಬರುತ್ತಿದ್ದಳು. ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ. ಅಡುಗೆಮನೆಯ ಮೇಜಿನ ಹತ್ತಿರ ಕೂತು ಒಂದೇ ಕಥೆಯನ್ನು ಹೇಳುತ್ತಿದ್ದಳು. ಆ ದಿನ ಹನ್ನೊಂದೂವರೆಗೆ ಇಬ್ಬರೂ ಬಾಡಿಗೆಗೆ ಒಂದು ಮನೆ ನೋಡಲು ಹೋಗಬೇಕಿತ್ತು. ಹೊರಡುವಾಗ ಗಂಡನಿಗೆ ಅವಳು ಗದರಿದ್ದಳು. ಈ ಭಾನುವಾರವೂ ಅದನ್ನೇ ಶುರುಮಾಡಿದಳು.

"ಹನ್ನೊಂದಕ್ಕೆ ಬಾಗಿಲಲ್ಲಿ ಇರದಿದ್ರೆ ನನ್ನನ್ನ ಮಾತಾಡಿಸ್ಬೇಡಿ ಅಂದಿದ್ದೆ ಭಾವ. ಹೊಲದಲ್ಲಿ ಇಳಿಸಿದ್ರೆ ಇಡೀ ದಿನ ಅಲ್ಲೇ ಹೋಗತ್ತೆ, ಇವಳು ಮುಖ ಊದಿಸ್ತಾಳೆ ಅಂತಲೇ ತಿರುಗಿಸಿದ್ರು. ವರದಿಯವರಿಗೆ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಬಾಯೇ ನನಗೆ ಶತ್ರು."

ಇಷ್ಟು ದಿನ ಅವನು "ಹಾಗೆಲ್ಲ ಅಂದ್ಕೋಬೇಡಮ್ಮ" ಅನ್ನುತ್ತಿದ್ದ. ಹೇಗೆ ಅಂದುಕೊಳ್ಳಬೇಕು ಎಂದು ಹೇಳಿರಲಿಲ್ಲ. ಹೇಳಿದರೆ ಇವಳೂ ತನ್ನನ್ನು ಬಿಟ್ಟು ಹೋಗುತ್ತಾಳೆ ಎಂಬ ಭಯಕ್ಕೇ ಸುಮ್ಮನಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹೇಡಿತನ ಎಂಬುದೂ ಗೊತ್ತಿತ್ತು.

"ನಿನ್ನಿಂದಲ್ಲಮ್ಮ," ಅಂದ. "ನನ್ನಿಂದ."

ಎಲ್ಲವನ್ನೂ ಹೇಳಿದ. ಮೇಡಂ ಹೇಳಿಕೊಟ್ಟದ್ದು, ತಾನು ನಕ್ಕದ್ದು, ನೂರಕ್ಕೆ ಎಂಬತ್ತಮೂರು, ಮೂರನೆಯ ಸಲ ತಮ್ಮ ಇಳಿಸಿ ಬೆನ್ನು ತಟ್ಟಿದ್ದು, ಮೊನ್ನೆಯ ಐದು ಸೆಕೆಂಡು. ಅವಳು ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತ ಕೂತಿದ್ದಳು.

"ಮೊದಲ ದಿನದಿಂದ ನಿಮಗೆ ಇದು ಗೊತ್ತಿತ್ತಾ?"

"ಅನುಮಾನ ಇತ್ತು."

"ನಾಲ್ಕು ತಿಂಗಳು ನಾನು ಇಲ್ಲಿ ಕೂತು ನನ್ನನ್ನೇ ಬೈಕೊಂಡೆ," ಅಂದಳು ನಿಧಾನವಾಗಿ. "ನೀವು ಎದುರಿಗೆ ಕೂತು ಚಹಾ ಸೋಸಿ ಕೊಟ್ರಿ."

ಅವಳು ಎದ್ದಳು. ಹೊರಟೇಹೋದಳು ಅಂದುಕೊಂಡ. ಆದರೆ ಅವಳು ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ಆ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಆ ಹೊಲ ಇದರಲ್ಲಿ ಇದೆಯಾ?"

"ಇದೆ."

"ಅದರಲ್ಲಿ ಇಳಿಸಿ ತೋರ್ಸಿ."

ಅವನು ಸೀಟಿನಲ್ಲಿ ಕೂತ. ಕೂತ ಮೇಲೆ ಹೊಳೆಯಿತು, ಅಷ್ಟು ಸಲ ಇಂಜಿನ್ ನಿಲ್ಲಿಸಿದವನು ಒಂದು ಸಲವೂ ನೇರವಾಗಿ ಹೋಗಿ ನೋಡಿರಲಿಲ್ಲ. ಅದರಲ್ಲಿ ತೋರಿಸಿಕೊಳ್ಳುವಂಥ ಜಾಣತನವೇನೂ ಇರಲಿಲ್ಲವಲ್ಲ. ವಿಮಾನ ಏರಿತು. ಯಾವಾಗಲಾದರೂ ನಿಲ್ಲಲಿ ಎಂದು ಬಿಟ್ಟಿದ್ದ ಇಂಜಿನ್ ಆರುನೂರು ಅಡಿಯ ಹತ್ತಿರ ನಿಂತಿತು. ಅವನು ಬೆಚ್ಚಿದ, ತಡಮಾಡಿದ, ಎಣಿಸಿದಂತೆ ಐದು ಸೆಕೆಂಡು ಕಳೆದ. ಆಮೇಲೆ ಮೂಗು ತಗ್ಗಿಸಿದ. ಹೊಲ ಅಗಲವಾಗುತ್ತ ಬಂತು. ಚಕ್ರ ನೆಲಕ್ಕೆ ತಾಗಿ ಕುಲುಕಿತು, ಕೂಳೆಯ ಮೇಲೆ ಕುಣಿಯಿತು, ನಿಂತಿತು.

"ಈಗೇನು?" ಅಂದಳು ಅವಳು ಹಿಂದಿನಿಂದ.

"ಈಗ ಬಾಗಿಲು ತೆಗೆದು ಇಳೀಬೇಕು."

"ಏಟಾಗ್ತಿತ್ತಾ?"

"ಚಕ್ರ ಮುರೀಬಹುದಿತ್ತು."

"ಚಕ್ರ," ಅಂದಳು. ಬಹಳ ಹೊತ್ತು ಪರದೆಯ ಮೇಲೆ ಸುಮ್ಮನೆ ನಿಂತಿದ್ದ ವಿಮಾನವನ್ನು ನೋಡಿದಳು. "ನಿಮ್ಮನ್ನ ಕ್ಷಮಿಸ್ತೀನೋ ಇಲ್ವೋ ಗೊತ್ತಿಲ್ಲ ಭಾವ. ಈಗ ಅದನ್ನ ಕೇಳ್ಬೇಡಿ. ಇನ್ನೊಂದ್ಸಲ ಇಳಿಸಿ."

ಇನ್ನೊಂದು ಸಲ ಇಳಿಸಿದ. ಅವಳು ಮತ್ತೊಂದು ಸಲ ಅಂದಳು. ಅದನ್ನೂ ಇಳಿಸಿದ. ನಾಲ್ಕನೆಯ ಸಲಕ್ಕೆ ಕಣ್ಣು ತುಂಬಿ ಅವನಿಗೆ ಪರದೆಯೇ ಕಾಣಲಿಲ್ಲ. ಆಗಲೂ ವಿಮಾನ ಇಳಿಯಿತು.