ನೀರೆಂದುಕೊಂಡು

ಹೊನ್ನಮ್ಮನ ಶವಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಿ ಒಳಗೆ ತರುತ್ತಿದ್ದಾಗ, ಒಂದು ಮೂಲೆ ಹಿಡಿದಿದ್ದ ತ್ರಿವಿಕ್ರಮ ಅವಳ ಮಗ ಲೋಕೇಶನ ಕಿವಿಯ ಹತ್ತಿರ ಬಾಗಿ ಕೇಳಿದರು: "ಪೊಲೀಸ್ನೋರು ಅಡುಗೆಮನೆಯಿಂದ ಬಾಟ್ಲು ತಗೊಂಡ್ ಹೋದ್ರಂತೆ. ಯಾರದಪ್ಪಾ ಅದು?"

"ಮೊದ್ಲು ಅವ್ವನ್ನ ಇಳಿಸೋಣ ಸರ್," ಎಂದ ಲೋಕೇಶ.

ಮಲೇಶಿಯಾದ ಪುಚೊಂಗಿನಲ್ಲಿದ್ದ ಲೋಕೇಶನ ಸಾಲುಮನೆಯ ಹಾಲ್ ಆಗಲೇ ತುಂಬಿತ್ತು. ಆ ವಾರ ಕ್ವಾಲಾಲಂಪುರದ ಸುತ್ತಮುತ್ತ ಕಲಬೆರಕೆ ಮದ್ಯ ಕುಡಿದು ಹಲವರು ಸತ್ತಿದ್ದರು. ಪೇಪರ್ ತುಂಬ ಅದೇ ಸುದ್ದಿ. ಹೊನ್ನಮ್ಮನನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದವಳು ಪಕ್ಕದ ಮನೆಯ ಝೀನತ್.

"ಎಲ್ಲಾ ಬೆಳ್ಳಗ್ ಕಾಣ್ತದೆ ಕಣವ್ವ ಅಂತಿದ್ರು ಆಂಟಿ," ಎಂದಳು ಅವಳು ತಗ್ಗಿದ ದನಿಯಲ್ಲಿ.

"ಪೇಪರಲ್ಲೂ ಹಂಗೇ ಬಂದಿತ್ತಲ್ವಾ, ಅದನ್ನ ಕುಡಿದೋರಿಗೆ ಕಣ್ಣು ಮಂಜಾಗುತ್ತೆ ಅಂತ?" ಎಂದರು ಯಾರೋ.

ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಲೋಕೇಶನ ಕಡೆ.

ಮಲೇಶಿಯಾದಲ್ಲೆಲ್ಲ ಮದ್ಯ ನಿಷೇಧವಾಗಬೇಕೆಂದು ಕನ್ನಡ ಬಳಗದ ತ್ರಿವಿಕ್ರಮ ಮನವಿ ಸಿದ್ಧಪಡಿಸಿದಾಗ ಮೊದಲ ಹೆಬ್ಬೆಟ್ಟು ಹೊನ್ನಮ್ಮನದೇ. ಮದ್ದೂರಿನ ಬಳಿಯ ತನ್ನ ಹಳ್ಳಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಸಾರಾಯಿ ಅಂಗಡಿಗೆ ಬೀಗ ಹಾಕಿಸಿದ್ದನ್ನು ಅವಳು ಹೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು.

ತ್ರಿವಿಕ್ರಮರಿಗೆ ತಡೆಯಲಾಗಲಿಲ್ಲ. "ಜನ ಏನೇನೋ ಮಾತಾಡ್ತಿದ್ದಾರೆ ಲೋಕೇಶ್. ನಿಮ್ಮಮ್ಮಂಗೆ ಆ ಅಭ್ಯಾಸ ಇತ್ತಾ?"

*

ಕಳೆದ ಯುಗಾದಿಯ ಆಸುಪಾಸು. ಗ್ಲೌಸ್ ಫ್ಯಾಕ್ಟರಿಯಿಂದ ಮಧ್ಯಾಹ್ನವೇ ಮನೆಗೆ ಬಂದ ಲೋಕೇಶ, ಅವ್ವ ನೀರಿನ ಬಾಟಲಿಯಿಂದ ಮುಚ್ಚಳಕ್ಕೆ ಏನೋ ಬಗ್ಗಿಸಿಕೊಂಡು ಕುಡಿಯುವುದನ್ನು ಕಂಡ. ವಾಸನೆ ಬಾಗಿಲವರೆಗೂ ಬಂತು.

"ಅವ್ವಾ! ನೀನಾ?"

"ಕೂಗ್ಬ್ಯಾಡ ಮಗ. ಒಂದ್ ಮುಚ್ಳ ಕುಡುದ್ರೆ ಒಸಿ ನಿದ್ದೆ ಬತ್ತದೆ." ಬೀದಿ ಕಸ ಗುಡಿಸುವವಳು ಹಿಂದಿನ ಓಣಿಯಲ್ಲಿ ಕದ್ದು ಮಾರುವವರಿಂದ ತಂದುಕೊಡುತ್ತಿದ್ದಳಂತೆ.

"ಅಲ್ಲೆಲ್ಲಾ ಏನ್ ಬೆರೆಸ್ತಾರೋ. ಬೇಕಂದ್ರೆ ಒಳ್ಳೇ ಅಂಗಡಿಯಿಂದ ನಾನೇ ತರ್ತೀನಿ."

"ಬ್ಯಾಡ. ಬಳಗದೋರ್ ಕಣ್ಣಿಗ್ ಬಿದ್ರೆ? ಹೊನ್ನಮ್ಮನ್ ಮನೆಗೇ ಬಾಟ್ಲು ಹೋಯ್ತದೆ ಅಂತಾರೆ." ಅವಳು ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಅಂಗಡಿ ಮುಚ್ಚಿಸ್ದೆ ಅಂದ್ರೆ ಚಪ್ಪಾಳೆ ತಟ್ಟುದ್ರು. ಆಮ್ಯಾಲೇನಾಯ್ತು ಅಂತ ಒಬ್ರೂ ಕೇಳ್ನಿಲ್ಲ. ನಿಮ್ಮಪ್ಪ ಕೆರೆ ಆಚೆ ಕಳ್ಳಬಟ್ಟಿ ಹುಡುಕ್ಕೊಂಡ್ ಹೋದ. ಕಣ್ ಕಾಣ್ದಂಗಾಗಿ ಏರಿ ಮ್ಯಾಲೆ ಬಿದ್ದು ಸತ್ತ. ಅಂಗಡಿ ಇದ್ದಿದ್ರೆ ಬದುಕ್ತಿದ್ನೇನೋ ಅಂತ ಮಲಗ್ದಾಗೆಲ್ಲಾ ಅನ್ನುಸ್ತದೆ."

ಅವಳು ಅವನ ಕೈ ಹಿಡಿದುಕೊಂಡಳು. "ನವ್ಯಂಗೆ ಗೊತ್ತಾಗೋದು ಬ್ಯಾಡ. ಯಾರ್ಗೂ ಬ್ಯಾಡ."

"ಆಯ್ತು ಬುಡವ್ವ," ಎಂದಿದ್ದ.

*

ಆಸ್ಪತ್ರೆಯಲ್ಲಿ ಪೊಲೀಸರಿಗೆ ಲೋಕೇಶ ನಿಜವನ್ನೇ ಹೇಳಿದ್ದ. ಇಲ್ಲಿ, ಅವ್ವನ ತಲೆಯ ಹತ್ತಿರ ನಿಂತು, ಅದು ಬಾಯಿಗೆ ಬರಲಿಲ್ಲ.

"ಅವ್ವ ಕುಡಿಯೋಳಲ್ಲ ಸರ್. ಬಾಟ್ಲು ನಂದು. ಮನೇಲಿ ಗೊತ್ತಾಗ್ಬಾರ್ದು ಅಂತ ನೀರಿನ ಬಾಟ್ಲಿಗೆ ಹಾಕಿಟ್ಟಿದ್ದೆ. ನೀರು ಅಂದ್ಕೊಂಡು ಕುಡಿದುಬಿಟ್ಟಿದ್ದಾಳೆ."

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅವನ ಹೆಂಡತಿ ನವ್ಯಾ ತಲೆಯೆತ್ತಿದಳು. ಗಂಡನ ಮುಖವನ್ನೇ ದಿಟ್ಟಿಸಿದಳು.

"ಸುಳ್ಳು ಹೇಳ್ತಿದ್ದೀರಾ?"

"ಇಲ್ಲ."

"ಯಾವಾಗಿಂದ?"

"ತುಂಬಾ ದಿನ ಆಯ್ತು."

ನವ್ಯಾ ಪಕ್ಕದಲ್ಲಿ ನಿಂತಿದ್ದ ಮಗಳು ಪೃಥಾಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಸ್ಮಶಾನದಲ್ಲಿ ವಿದ್ಯುತ್ ಚಿತಾಗಾರದ ಬಟನ್ ಒತ್ತುವಾಗ ಲೋಕೇಶನ ಪಕ್ಕ ಯಾರೂ ನಿಲ್ಲಲಿಲ್ಲ. "ನೋಡಿ, ಇದಕ್ಕೇ ಹೇಳೋದು, ದೇಶಕ್ಕೆ ದೇಶವೇ ಬ್ಯಾನ್ ಆಗ್ಬೇಕು ಅಂತ," ಎಂದರು ತ್ರಿವಿಕ್ರಮ, ಅವನಿಗೂ ಕೇಳುವಂತೆ. ಹಲವರು ತಲೆಯಾಡಿಸಿದರು. "ಎಂಥಾ ತಾಯಿ, ಪಾಪ," ಎಂದರು ಒಬ್ಬರು. ಅದು ಕಿವಿಗೆ ಬಿದ್ದಾಗ ಮಾತ್ರ ಲೋಕೇಶ ಕಣ್ಣು ಒರೆಸಿಕೊಂಡ.

ಮನೆಗೆ ಬಂದು ಸ್ನಾನ ಮುಗಿಸಿದ್ದಾಯಿತು. ಪೃಥಾ ಅಡುಗೆಮನೆಗೆ ಬಂದಳು.

"ಪಪ್ಪಾ, ಐಮ್ ಥರ್ಸ್ಟಿ."

ಅವನು ಫಿಲ್ಟರಿನಿಂದ ಲೋಟ ತುಂಬಿಸಿ ಚಾಚಿದ. ಮಗುವಿನ ಕೈ ತಲುಪುವ ಮೊದಲೇ ನವ್ಯಾ ಅದನ್ನು ತೆಗೆದುಕೊಂಡಳು. ಮೂಗಿನ ಹತ್ತಿರ ತಂದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಸಿಂಕಿಗೆ ಚೆಲ್ಲಿ, ಲೋಟವನ್ನು ಸೋಪು ಹಾಕಿ ತಿಕ್ಕತೊಡಗಿದಳು.