ಚೀಟಿ ಮುಚ್ಚಿ ನೋಡಿದ ಕೋಟು

ಆ ಹೊಲಿಗೆ ಕಾರ್ಖಾನೆಯಲ್ಲಿ ಎರಡು ಸಾಲು. ಒಂದು ಕಿಟಕಿ ಸಾಲು, ಇನ್ನೊಂದು ಬಾಗಿಲ ಸಾಲು. ಇವರಿಗೆ ಅವರು ಜಂಬದವರು, ಅವರಿಗೆ ಇವರು ಸೋಮಾರಿಗಳು. ಯಾಕೆ ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ!

ಹೊಲಿದದ್ದನ್ನು ಪರೀಕ್ಷಿಸುವ ಅಕ್ಕ ಹತ್ತು ವರ್ಷ ಕಿಟಕಿ ಸಾಲಿನಲ್ಲೇ ಹೊಲಿದವಳು. ಆ ದಿನ ಅವಳ ಮೇಲೆ ದೊಡ್ಡ ಹೊಣೆ. ಹೊಲಿದ ಮೂವತ್ತು ಬಿಳಿ ಕೋಟುಗಳಲ್ಲಿ ಹತ್ತನ್ನು ಆರಿಸಿ ಆಸ್ಪತ್ರೆಯೊಂದಕ್ಕೆ ಮಾದರಿಗೆ ಕಳಿಸಬೇಕು. ಅವರು ಒಪ್ಪಿದರೆ ವರ್ಷವಿಡೀ ಕೆಲಸ, ಒಪ್ಪದಿದ್ದರೆ ಅರ್ಧ ಜನ ಮನೆಗೆ. ಅಕ್ಕ ಆರಿಸಿದಳು. ಹತ್ತರಲ್ಲಿ ಒಂಬತ್ತು ಕಿಟಕಿ ಸಾಲಿನವು!

ಮಧ್ಯಾಹ್ನ ಅವಳು ಮರೆತ ಊಟದ ಡಬ್ಬಿ ತಂದುಕೊಟ್ಟ ಟೀಚರ್ ನಾದಿನಿ, ಕೋಟುಗಳ ಅಂಚಿಗೆ ಚುಚ್ಚಿದ್ದ ಸಾಲಿನ ಚೀಟಿಗಳನ್ನು ನೋಡಿದಳು.

"ಅತ್ತಿಗೆ, ಒಂಬತ್ತೂ ನಿಮ್ಮವರದ್ದೇನಾ?"

"ಚೆನ್ನಾಗಿರೋದನ್ನ ಆರಿಸಿದೀನಿ ಕಣೇ. ನಾನೇನು ಮೋಸ ಮಾಡ್ತೀನಾ?"

"ಮೋಸ ಅಂತ ಯಾರಂದ್ರು? ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೇ. ನನ್ನ ಕ್ಲಾಸಲ್ಲಿ ಸುಮ್ನೆ ಚೀಟಿ ಎತ್ತಿ ಕೆಂಪು ಗುಂಪು, ಹಸಿರು ಗುಂಪು ಮಾಡ್ದೆ. ಊಟದ ಹೊತ್ತಿಗೆ 'ಕೆಂಪಿನವರೇ ಜಾಣರು' ಅಂತ ಶುರುವಾಯ್ತು! 'ನಮ್ಮವರು' ಅಂದ ತಕ್ಷಣ ಮನಸ್ಸು ವಾಲುತ್ತೆ. ವಾಲಿದ್ದು ನಮಗೇ ತಿಳಿಯಲ್ಲ."

"ಅವು ಮಕ್ಕಳು. ಹೊಲಿಗೆ ನೋಡಿ ನೋಡಿ ನನ್ನ ಕಣ್ಣು ಪಳಗಿದೆ."

"ಹಂಗಾದ್ರೆ ಭಯ ಯಾಕೆ? ಚೀಟಿ ಮುಚ್ಚಿ ಇನ್ನೊಂದ್ಸಲ ಆರಿಸಿ."

ನಾದಿನಿ ಅಂಚು ಮಡಚಿ ಪಿನ್ ಹಾಕಿ, ಮೂವತ್ತು ಕೋಟನ್ನೂ ಕಲೆಸಿಟ್ಟಳು. ಅಕ್ಕ ತೋಳೇರಿಸಿ ಕೂತಳು.

"ಇದು ನೋಡು, ಕಾಲರ್ ಸೊಟ್ಟ. ಖಂಡಿತ ಬಾಗಿಲವರದ್ದು! ಇದು ನೋಡು, ಹೊಲಿಗೆ ಅಂದ್ರೆ ಹಿಂಗಿರ್ಬೇಕು."

ಹತ್ತು ಕೋಟು ಆರಿಸಿಯಾಯಿತು. ಪಿನ್ ಬಿಚ್ಚಿದರು. ಆರು ಬಾಗಿಲ ಸಾಲಿನವು. ಹೊಗಳಿಸಿಕೊಂಡದ್ದು ಆ ಸಾಲಿನ ಹಿರಿಯ ದರ್ಜಿ, ಎಲ್ಲರೂ 'ಕಾಲರ್ ತಾತ' ಎನ್ನುವವನದು. ಸೊಟ್ಟ ಕಾಲರ್ ಕಿಟಕಿ ಸಾಲಿನದು. ಬೆಳಿಗ್ಗೆ ಇದೇ ಅಕ್ಕ "ಭೇಷ್" ಎಂದು ಅದನ್ನು ಆ ಹತ್ತರೊಳಗೆ ಇಟ್ಟಿದ್ದಳು!

ಅಕ್ಕನಿಗೆ ನಾಚಿಕೆಯಾಯಿತು. ಆದರೂ ನೇರ ತಾತನ ಬಳಿ ಹೋದಳು.

"ತಾತ, ತಪ್ಪಾಯ್ತು. ಬೆಳಿಗ್ಗೆ ನಾನು ಹೊಲಿಗೆ ನೋಡ್ಲಿಲ್ಲ, ಚೀಟಿ ನೋಡ್ದೆ."

ತಾತ ಕನ್ನಡಕ ತೆಗೆದು ನಕ್ಕ. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹತ್ತಕ್ಕೆ ಹತ್ತೂ ನಮ್ಮವರದ್ದೇ ಆರಿಸ್ತಿದ್ದೆ, ತಾಯಿ. ನೀನು ನಮಗೆ ಒಂದಾದ್ರೂ ಬಿಟ್ಟಿದ್ದೆಯಲ್ಲ!"

ಎರಡನೇ ಸಲ ಆರಿಸಿದ ಕೋಟುಗಳೇ ಹೋದವು. ಆಸ್ಪತ್ರೆಯವರು ಒಪ್ಪಿದರು. ಯಾರೂ ಮನೆಗೆ ಹೋಗಬೇಕಾಗಲಿಲ್ಲ. ಈಗ ಪರೀಕ್ಷೆ ಮುಗಿಯುವವರೆಗೆ ಕೋಟಿಗೆ ಚೀಟಿ ಚುಚ್ಚುವುದೇ ಇಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮವರ ಮೇಲೆ ಪ್ರೀತಿ ಇರಲಿ, ಅದೇನೂ ತಪ್ಪಲ್ಲ. ಆದರೆ ಕೆಲಸ ಕೊಡುವಾಗ, ಅಂಕ ಹಾಕುವಾಗ, ಜಗಳ ಬಿಡಿಸುವಾಗ ಒಂದು ಗಳಿಗೆ ತಡೆಯಿರಿ. "ಇದನ್ನೇ ಆಚೆಯವರು ಮಾಡಿದ್ದರೆ ನಾನು ಏನನ್ನುತ್ತಿದ್ದೆ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಬೇರೆ ಬಂದರೆ, ದಯವಿಟ್ಟು ಇನ್ನೊಮ್ಮೆ ನೋಡಿ.