ಗಿಡಗಳ ಗೋಡೆ

"ಅಕ್ಕ, ಎತ್ತರದ್ದೆಲ್ಲ ಈ ಕಡೆ ಇಡಿ. ಹಿಂದೆ ಏನೂ ಕಾಣಬಾರದು," ಎಂದ ಶ್ರೀಕರ್, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ದಾನಮ್ಮ ಬಿದಿರಿನ ಕುಂಡವೊಂದನ್ನು ಸೊಂಟಕ್ಕಾನಿಸಿಕೊಂಡು ಟೆಂಪೊದ ಹಿಂದೆ ನಿಂತಿದ್ದಳು. ಗಿಡ ಎಲ್ಲಿಗೆ ತರಬೇಕು ಎಂದು ಫೋನಿನಲ್ಲಿ ಕೇಳಿದಾಗ 'ಕೆರೆ ಹತ್ತಿರ' ಎಂದಷ್ಟೇ ಅವನು ಹೇಳಿದ್ದ. ಕೆರೆಯ ಗೇಟಿನ ಮುಂದೆ ಇರಬೇಕು ಎಂದುಕೊಂಡು ಒಪ್ಪಿದ್ದಳು. ಈಗ ನೋಡಿದರೆ ಟೆಂಪೊ ನಿಂತಿದ್ದು ರಾಜಕಾಲುವೆಯ ಸೇತುವೆಯ ಪಕ್ಕ, ಅವಳದೇ ಮನೆಯ ಬೀದಿ ಶುರುವಾಗುವಲ್ಲಿ, ಕಸದ ಗುಡ್ಡೆಯ ಎದುರಿಗೆ.

ಆ ಗುಡ್ಡೆ ಅವಳಿಗೆ ಹೊಸದಲ್ಲ. ಬಾಗಲಕೋಟೆಯ ಕಡೆಯಿಂದ ಬಂದು ಅರೆಕೆರೆಯಲ್ಲಿ ಬಾಡಿಗೆ ಮನೆ ಹಿಡಿದಾಗಿನಿಂದಲೂ ಅದು ಅಲ್ಲೇ ಇತ್ತು. ಸ್ಕೂಟರಿನವರು ಓಡಿಸುತ್ತಲೇ ಎಸೆದು ಹೋದ ಚೀಲಗಳು, ಹೋಟೆಲಿನ ಎಂಜಲು, ಹರಿದ ಹಾಸಿಗೆ, ಎಳನೀರಿನ ಬುರುಡೆ, ಒಡೆದ ಕಮೋಡು. ಬೆಳಗಾದರೆ ಯಾರೋ ಅದಕ್ಕೆ ಬೆಂಕಿ ಹಚ್ಚುತ್ತಿದ್ದರು. ಗುಡ್ಡೆ ಕರಗುತ್ತಿರಲಿಲ್ಲ. ಹೊಗೆ ಮಾತ್ರ ಕಾಲುವೆಯ ಗುಂಟ ಹರಿದು ಬಂದು ಮನೆಗಳೊಳಗೆ ಕೂತುಬಿಡುತ್ತಿತ್ತು. ಒಗೆದು ಹಾಕಿದ ಬಟ್ಟೆಗೂ ಅದೇ ವಾಸನೆ, ಹಾಲಿಗೂ ಅದೇ ವಾಸನೆ.

"ಸಾರ್, ಕಸಾ ತಗಸ್ರಲ್ಲಾ. ಕಸಾ ತಗದ್ರ ಗಿಡದ ಗ್ವಾಡಿ ಯಾಕ ಬೇಕ್ರಿ?"

"ಅದು ನಮ್ಮ ಕೆಲಸ ಅಲ್ಲ ಅಕ್ಕ. ವಾರ್ಡಿನವರು ನಮಗೆ ಕೊಟ್ಟಿರೋದು ಬರೀ ಬ್ಯೂಟಿಫಿಕೇಶನ್." ಶ್ರೀಕರ್ ಒಳ್ಳೆಯ ಹುಡುಗನೇ. ಸಮಾರಂಭಗಳನ್ನು ನಡೆಸಿಕೊಡುವ ಕಂಪನಿಯೊಂದರಲ್ಲಿ ಕೆಲಸ. ಮದುವೆ, ಮೀಟಿಂಗು ಏನಿದ್ದರೂ ಗಿಡಕ್ಕೆ ಅವಳಿಗೇ ಫೋನು ಮಾಡುತ್ತಿದ್ದ. "ನಾಳೆ ಫಾರಿನ್ ಡೆಲಿಗೇಟ್ಸ್ ಬಸ್ಸು ಈ ಬ್ರಿಡ್ಜ್ ದಾಟಿ ಕೆರೆಗೆ ಹೋಗತ್ತೆ. ನಮ್ಮ ಗ್ರೀನ್ ಸಿಟಿ ನೋಡೋಕೆ ಬರ್ತಿದ್ದಾರೆ. ದೇಶದ ಇಮೇಜ್ ಪ್ರಶ್ನೆ ಅಕ್ಕ. ಒಂದು ದಿನ ಮ್ಯಾನೇಜ್ ಮಾಡಿ."

ದಾನಮ್ಮ ಗಂಡನ ಕಡೆ ನೋಡಿದಳು. ಬಸವಂತ ಟೆಂಪೊದ ಬಾಗಿಲಿಗೆ ಒರಗಿ ನಿಂತಿದ್ದವನು ಹತ್ತಿರ ಬಂದು ದನಿ ತಗ್ಗಿಸಿ, "ಸುಮ್ನ ಇಟ್ಟು ನಡಿ. ನಮ್ಮ ನರ್ಸರಿ ಯಾರ ಜಾಗದಾಗ ಐತಿ ಅನ್ನೂದು ಮರತಿ ಏನು?" ಎಂದ. ಅವಳೇನೂ ಮರೆತಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಅಂಚಿನಲ್ಲಿ, ಕರೆಂಟಿನ ತಂತಿಗಳ ಕೆಳಗಿದ್ದ ಆ ಉದ್ದನೆಯ ತುಂಡು ನೆಲದಲ್ಲಿ ಅರ್ಧ ಫುಟ್‌ಪಾತೇ. ವಾರ್ಡಿನವರು ಕಣ್ಣು ಮುಚ್ಚಿಕೊಂಡಿರುವವರೆಗೆ ಮಾತ್ರ ಅಂಗಡಿ.

ಅವಳು ಗಿಡಗಳನ್ನು ಇಟ್ಟಳು. ಹಿಂದೆ ಬಿದಿರು, ನಡುವೆ ಫೈಕಸ್, ಮುಂದೆ ಕ್ರೋಟನ್ನು. ಕೆಲಸ ಹಿಡಿದ ಮೇಲೆ ಅವಳಿಗೆ ಒರಟಾಗಿ ಮಾಡಲು ಬರುತ್ತಿರಲಿಲ್ಲ. ಎಲೆಗಳ ಸಂದಿನಲ್ಲಿ ಬೆಳಕು ಹಾಯದಂತೆ ಒಂದೊಂದು ಕುಂಡವನ್ನೂ ತಿರುಗಿಸಿ ತಿರುಗಿಸಿ ಇಟ್ಟಳು. ಶ್ರೀಕರ್‌ನ ಜನ ಅದರ ಮೇಲೆ ಕೆರೆಯ ಚಿತ್ರವಿರುವ ಬ್ಯಾನರು ಕಟ್ಟಿದರು. ಚಿತ್ರದಲ್ಲಿ ನೀರು ನೀಲಿಯಾಗಿತ್ತು.

ಸಂಜೆ ಗಿಡಗಳಿಗೆ ನೀರು ಹಾಕುತ್ತಿದ್ದಾಗ ವಿಜಯಲಕ್ಷ್ಮಿ ಮೇಡಂ ತರಕಾರಿ ಚೀಲ ಹಿಡಿದು ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ದಾನಮ್ಮನ ಮನೆಯಿಂದ ಎರಡು ಮನೆ ಆಚೆ ಇರುವವರು. ಆ ಗುಡ್ಡೆಯ ಫೋಟೋ ತೆಗೆದು ದೂರು ಕಳಿಸುವುದನ್ನು ಅವರು ವರ್ಷಗಳಿಂದ ಬಿಟ್ಟಿರಲಿಲ್ಲ. 'ದೂರು ಇತ್ಯರ್ಥವಾಗಿದೆ' ಎಂದು ಪ್ರತಿ ಸಲ ಫೋನಿಗೆ ಉತ್ತರ ಬರುತ್ತಿತ್ತು.

"ಅಯ್ಯೋ! ಕೊನೆಗೂ ತೆಗೆಸಿದ್ರಾ? ಪಾರ್ಕ್ ಮಾಡ್ತಿದ್ದಾರಾ?" ಅವರ ಮುಖ ಅರಳಿಹೋಯಿತು. ಚೀಲವನ್ನು ನೆಲಕ್ಕಿಟ್ಟು ಬಿದಿರನ್ನು ಎರಡೂ ಕೈಯಿಂದ ಸರಿಸಿ ಆಚೆ ಇಣುಕಿದರು. ಆಮೇಲೆ ಬಿದಿರನ್ನು ಮೊದಲಿದ್ದಂತೆಯೇ ಜೋಡಿಸಿ, ಹಿಂದಕ್ಕೆ ಬಂದರು.

"ನೀನೇನಾ ಇಟ್ಟಿದ್ದು, ದಾನಮ್ಮ?"

"ಹೌದ್ರಿ ಮೇಡಂ."

"ಚೆನ್ನಾಗಿ ಇಟ್ಟಿದ್ದೀಯ. ನಂಗೇ ಗೊತ್ತಾಗ್ಲಿಲ್ಲ," ಎಂದು ಚೀಲ ಎತ್ತಿಕೊಂಡು ಹೋದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ದಾನಮ್ಮನ ಕೈಯಲ್ಲಿದ್ದ ಪೈಪಿನಿಂದ ನೀರು ಒಂದೇ ಕುಂಡಕ್ಕೆ ಸುರಿದು ತುಂಬಿ ಹೊರಗೆ ಹರಿಯಿತು.

ಮನೆಯಲ್ಲಿ ಅತ್ತೆ ಶಿವವ್ವ ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದಳು. ಕೆಮ್ಮಿನ ಮಧ್ಯೆಯೇ ಮಾತಾಡುವುದನ್ನು ಅವಳು ಕಲಿತುಬಿಟ್ಟಿದ್ದಳು.

"ಗಿಡಾ ಭಾಳ ಛಂದ ಕಾಣ್ತಾವಂತಲ್ಲ? ಓಣಿ ತುಂಬ ಅದೇ ಮಾತು."

"ನೀ ಏನೂ ಅನಬ್ಯಾಡ ಅತ್ತಿ."

"ನಾ ಏನ್ ಅನ್ಲಿ? ಹುಟ್ಟಿದಾಗಿಂದ ಒಲಿ ಹೊಗಿ ಕುಡಕೊಂತ ಬೆಳದಾಕಿ ನಾ. ಊದುಗೊಳವಿ ಹಿಡದು ಹನ್ನೊಂದು ಮಂದಿಗೆ ರೊಟ್ಟಿ ಬಡದೀನಿ. ಆವಾಗ ಕಣ್ಣಾಗ ನೀರು ಬರ್ತಿತ್ತು, ಒರಸಿದ್ರ ಹೋಗ್ತಿತ್ತು. ಇದು ಹೊಗಿ ಅಲ್ಲವಾ, ಇದು ಎದಿಯಾಗ ಮನಿ ಮಾಡೂ ಅಂಥದ್ದು." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾಳೆ ಬರೋ ಮಂದಿಗೆ ಕಾಣಬಾರದು ಅಂತ ಇಟ್ಟಾರ. ಆತು. ನಾಡದ?"

ನಾಳಿದ್ದಿನ ಮಾತು ಕೇಳಿದ ದಾನಮ್ಮ ಎದ್ದು ಅತ್ತೆಗೆ ಬಿಸಿನೀರು ತಂದುಕೊಟ್ಟಳು.

ಬೆಳಿಗ್ಗೆ ನರ್ಸರಿಗೆ ಹೋಗುವ ಮುನ್ನ, ಗಂಡನ ಜೊತೆ ಟೆಂಪೊದಲ್ಲಿ ಗಿಡಗಳ ಎಲೆ ಒರೆಸಲು ಹೋದ ದಾನಮ್ಮನಿಗೆ ದೂರದಿಂದಲೇ ಹೊಗೆ ಕಂಡಿತು. ಯಾರೋ ಎಂದಿನಂತೆ ಬೆಂಕಿ ಹಚ್ಚಿದ್ದರು. ಬಿದಿರಿನ ಸಂದುಗಳಿಂದ ಬೂದು ಬಣ್ಣದ ಹೊಗೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಗಿಡಗಳೇ ಉರಿಯುತ್ತಿವೆಯೇನೋ ಎನಿಸುವಂತಿತ್ತು. ಹಿಂದಿನ ಸಾಲಿನ ಎಲೆಗಳ ತುದಿಗಳು ಆಗಲೇ ಸುಟ್ಟು ಸುರುಳಿಯಾಗಿದ್ದವು.

ಶ್ರೀಕರ್ ಓಡಾಡುತ್ತಿದ್ದ. "ಅಕ್ಕ, ಬೇಗ! ಎರಡು ಬಕೆಟ್ ನೀರು ಹಾಕಿ ಆರಿಸಿ. ಮುಂದೆ ಇನ್ನೊಂದು ಸಾಲು ಗಿಡ ಇಡಿ. ರೂಮ್ ಸ್ಪ್ರೇ ತರಿಸ್ತೀನಿ. ಇನ್ನೇನು ಬಸ್ಸು ಹೊರಡತ್ತೆ."

ದಾನಮ್ಮ ಸುಟ್ಟ ಎಲೆಯೊಂದನ್ನು ಬೆರಳಲ್ಲಿ ತಿಕ್ಕಿದಳು. ಅದು ಪುಡಿಯಾಯಿತು. ಆಮೇಲೆ ಬಗ್ಗಿ ಆ ಕುಂಡವನ್ನು ಎತ್ತಿಕೊಂಡು ಟೆಂಪೊದ ಕಡೆ ನಡೆದಳು.

"ಎಲ್ಲಿಗೆ ತಗೊಂಡ್ ಹೋಗ್ತಿದ್ದೀರಾ?"

"ಮನೀಗೆ ಒಯ್ತೀನ್ರಿ ಸಾರ್. ಎಲ್ಲಾ ಒಯ್ತೀನಿ."

"ಅಕ್ಕ, ತಮಾಷೆ ಮಾಡ್ಬೇಡಿ! ನನ್ನ ಕೆಲಸ ಹೋಗತ್ತೆ. ದೇಶದ ಮರ್ಯಾದೆ ಅಕ್ಕ ಇದು!"

"ನಮ್ಮತ್ತಿನೂ ಈ ದೇಶದಾಕೀನ ಅದಾಳ್ರಿ," ಎಂದಳು ದಾನಮ್ಮ. ದನಿ ಏರಲಿಲ್ಲ. "ನೀವು ಕೊಟ್ಟ ಅಡ್ವಾನ್ಸು ವಾಪಸ್ ಕೊಡ್ತೀನಿ. ಗಿಡಾ ಮಾತ್ರ ಇಲ್ಲಿ ಇಡೂದಿಲ್ಲ."

ಅವಳು ಮತ್ತೆ ಹೋಗಿ ಇನ್ನೊಂದು ಕುಂಡ ತಂದಳು. ಬಸವಂತ ಟೆಂಪೊದೊಳಗೆ ಸ್ಟೇರಿಂಗ್ ಹಿಡಿದು ಕೂತೇ ಇದ್ದ, ಕನ್ನಡಿಯಲ್ಲಿ ಅವಳನ್ನು ನೋಡುತ್ತ. ಹಿಂಬಾಗಿಲಿಗೆ ಚಿಲಕ ಹಾಕಿತ್ತು. ಅವಳು ಅವನನ್ನು ಕರೆಯಲಿಲ್ಲ. ಕುಂಡಗಳನ್ನು ರಸ್ತೆಯ ಮೇಲೆಯೇ ಸಾಲಾಗಿ ಇಡುತ್ತ ಹೋದಳು. ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ತೆರೆದುಕೊಂಡು, ಹೊಗೆಯಾಡುತ್ತಿದ್ದ ಗುಡ್ಡೆ ಕಾಣತೊಡಗಿತು. ಹಾಲು ತರಲು ಹೊರಟಿದ್ದ ವಿಜಯಲಕ್ಷ್ಮಿ ಮೇಡಂ ನಿಂತು ನೋಡಿದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಒಂದು ಕ್ರೋಟನ್ ಕುಂಡಕ್ಕೆ ಕೈ ಹಾಕಿದರು. ಓಣಿಯ ಇನ್ನೂ ಇಬ್ಬರು ಹೆಂಗಸರು ಬಂದರು. ಅಷ್ಟರಲ್ಲಿ ಟೆಂಪೊದ ಚಿಲಕ ಸದ್ದಾಯಿತು. ಬಸವಂತ ಹಿಂಬಾಗಿಲು ಇಳಿಸಿ, "ಭಾರ ಇದ್ದದ್ದು ನನ್ನ ಕೈಯಾಗ ಕೊಡು," ಎಂದ. ಮುಖ ಗಂಟಿಕ್ಕಿಕೊಂಡೇ ಇತ್ತು.

ವಾರ್ಡಿನ ಇಂಜಿನಿಯರು ಜೀಪಿನಲ್ಲಿ ಬಂದಾಗ ಗೋಡೆ ಅರ್ಧ ಖಾಲಿಯಾಗಿತ್ತು. ಅವರು ಮೊದಲು ಶ್ರೀಕರ್ ಮೇಲೆ ಕೂಗಾಡಿದರು, ಆಮೇಲೆ ದಾನಮ್ಮನ ಕಡೆ ತಿರುಗಿದರು.

"ಫುಟ್‌ಪಾತ್ ಮೇಲೆ ಅಂಗಡಿ ಇಟ್ಕೊಂಡಿರೋಳು ನೀನೇ ತಾನೆ? ನಾಳೆಯಿಂದ ಅಲ್ಲಿ ಹೆಂಗೆ ಇರ್ತೀಯ ನೋಡ್ತೀನಿ!"

"ನೋಡ್ರಿ ಸಾರ್," ಎಂದಳು ದಾನಮ್ಮ. ಕೈಯಲ್ಲಿದ್ದ ಕುಂಡವನ್ನು ಕೆಳಗಿಡಲಿಲ್ಲ. "ಈಗ ಇದನ್ನ ನೋಡ್ರಿ ಅಷ್ಟ."

ಇಂಜಿನಿಯರು ಗುಡ್ಡೆಯನ್ನು ನೋಡಿದರು. ಗಡಿಯಾರ ನೋಡಿದರು. ಆಮೇಲೆ ಪಕ್ಕಕ್ಕೆ ಹೋಗಿ ಒಂದರ ಮೇಲೊಂದು ಫೋನು ಮಾಡಿದರು. ವರ್ಷಗಟ್ಟಲೆ ಗಾಡಿ ಇಲ್ಲ, ಜನ ಇಲ್ಲ ಎನ್ನುತ್ತಿದ್ದ ವಾರ್ಡಿಗೆ ಎಲ್ಲಿಂದಲೋ ಒಂದು ಜೆಸಿಬಿ ಬಂತು, ಹಿಂದೆಯೇ ಟಿಪ್ಪರುಗಳು ಬಂದವು, ಸಮವಸ್ತ್ರ ತೊಟ್ಟ ಪೌರಕಾರ್ಮಿಕರು ಬಂದರು. ನೀರು ಸುರಿದು ಬೆಂಕಿ ಆರಿಸಿ, ಗುಡ್ಡೆಯನ್ನು ಬುಡದಿಂದ ಕೆರೆದು ಎತ್ತಿದರು. ಬಿಸಿಲು ಏರುವ ಮೊದಲೇ ಅಲ್ಲಿ ಕಪ್ಪು ನೆಲ ಮಾತ್ರ ಉಳಿದಿತ್ತು. ಅಷ್ಟಗಲ ನೆಲ ಅಲ್ಲಿದೆ ಎಂಬುದು ಓಣಿಯವರಿಗೆ ಯಾರಿಗೂ ಗೊತ್ತಿರಲಿಲ್ಲ. "ಇಷ್ಟೇನಾ? ಇಷ್ಟೇನಾ ಕೆಲಸ ಇದ್ದಿದ್ದು?" ಎಂದು ವಿಜಯಲಕ್ಷ್ಮಿ ಮೇಡಂ ಯಾರಿಗೆಂದಿಲ್ಲದೆ ಕೇಳುತ್ತಲೇ ಇದ್ದರು. ಅವರ ಕಣ್ಣು ತುಂಬಿತ್ತು.

ಬಸ್ಸು ಬರಲೇ ಇಲ್ಲ. ದಾರಿಯಲ್ಲಿ ಟ್ರಾಫಿಕ್ ಹೆಚ್ಚೆಂದು ಅತಿಥಿಗಳನ್ನು ನೇರವಾಗಿ ಹೋಟೆಲಿಗೇ ಕರೆದುಕೊಂಡು ಹೋದರಂತೆ. ಶ್ರೀಕರ್ ಫೋನಿನಲ್ಲಿ ಅದನ್ನು ಕೇಳಿ ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತ. ದಾನಮ್ಮ ಮನೆಯಿಂದ ಚಹಾ ತರಿಸಿ ಕೊಟ್ಟಳು. ಅವನು ಕುಡಿದು, ಲೋಟ ಕಟ್ಟೆಯ ಮೇಲಿಟ್ಟು ಹೋದ. ಆಮೇಲೆ ಅವನ ಫೋನು ಅವಳಿಗೆ ಬರಲೂ ಇಲ್ಲ.

ಇಂಜಿನಿಯರು ಹೇಳಿದ್ದನ್ನು ಮಾಡಿದರು. ಆ ವಾರವೇ ವಾರ್ಡಿನವರು ಬಂದು ನರ್ಸರಿಯ ಮುಂದಿನ ಸಾಲುಗಳನ್ನೆಲ್ಲ ಎತ್ತಿಸಿದರು. ಉಳಿದ ಇಕ್ಕಟ್ಟಿನಲ್ಲಿ ಕುಂಡಗಳಿಗೆ ಜಾಗ ಸಾಲಲಿಲ್ಲ. ದಾನಮ್ಮ ಅವುಗಳನ್ನು ಟೆಂಪೊಗೆ ಹೇರಿಸಿ ಪದ್ಮನಾಭನಗರದ ಬೀದಿಗಳಲ್ಲಿ ಮಾರಲು ಹೊರಟಳು. ಮೈಕು ಹಿಡಿಯಲು ಬಸವಂತನಿಗೆ ನಾಚಿಕೆ. ಎರಡು ಬೀದಿ ಸುಮ್ಮನೆ ಓಡಿಸಿದ. ಮೂರನೆಯದರಲ್ಲಿ, "ಗುಲಾಬೀ, ದಾಸ್ವಾಳಾ, ತುಳಸೀ..." ಎಂದು ಒಮ್ಮೆಲೇ ಕೂಗಿ ಹೆಂಡತಿಯ ಕಡೆ ನೋಡಿದ. ಇಬ್ಬರಿಗೂ ನಗು ಬಂತು.

ಶಿವವ್ವನ ಕೆಮ್ಮು ಪೂರ್ತಿ ಹೋಗಲಿಲ್ಲ. ಡಾಕ್ಟರು ಅದು ಅಷ್ಟು ಬೇಗ ಹೋಗುವಂಥದ್ದಲ್ಲ ಎಂದರು. ಕಾಲುವೆಯ ಕೊಳಕು ನೀರಿನ ಮೇಲೇಳುವ ನೊರೆಯೂ ಹಾಗೇ ಇತ್ತು. ಆದರೆ ಓಣಿಯ ಹೆಂಗಸರು ಒಂದು ಕೆಲಸಕ್ಕೆ ಗಂಟುಬಿದ್ದಿದ್ದರು. ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಸೇತುವೆಯ ಹತ್ತಿರ ಯಾರಾದರೊಬ್ಬರು ನಿಲ್ಲುವುದು. ಜಗಳವಿಲ್ಲ, ಬೋರ್ಡಿಲ್ಲ. ಸುಮ್ಮನೆ ನಿಲ್ಲುವುದು.

ಅಂದು ದಾನಮ್ಮನ ಸರದಿ. ಕಾಲುವೆಯ ಮೇಲೆ ಮಂಜು ಇನ್ನೂ ಪೂರ್ತಿ ಚದುರಿರಲಿಲ್ಲ. ಅಪಾರ್ಟ್‌ಮೆಂಟಿನ ಕಡೆಯಿಂದ ಸ್ಕೂಟರೊಂದು ಬಂದು ನಿಧಾನವಾಯಿತು. ಇಸ್ತ್ರಿ ಅಂಗಿ, ಕೊರಳಲ್ಲಿ ಆಫೀಸಿನ ಕಾರ್ಡು, ಕಾಲಿನ ಹತ್ತಿರ ಗಂಟು ಕಟ್ಟಿದ ಕಪ್ಪು ಚೀಲ. ಅವನು ಚೀಲವನ್ನು ಎತ್ತಿ ಹಿಡಿದ. ಆಗ ಅವಳನ್ನು ಕಂಡ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಿದ್ದಳು. ಅವನ ಮೇಲಿಟ್ಟ ಕಣ್ಣನ್ನು ಕದಲಿಸಲಿಲ್ಲ. ಹೆಲ್ಮೆಟಿನ ಗಾಜು ಏರಿಸಿ ಅವನು ಆ ಕಡೆ ಈ ಕಡೆ ನೋಡಿದ. ಚೀಲದ ತಳದಿಂದ ಒಂದು ಹನಿ ಅವನ ಬೂಟಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಚೀಲವನ್ನು ಮತ್ತೆ ಕಾಲಿನ ಹತ್ತಿರ ಇಟ್ಟುಕೊಂಡು, ಸ್ಕೂಟರನ್ನು ತಿರುಗಿಸಿದ. ಖಾಲಿ ರಸ್ತೆಯಲ್ಲಿ ಅದರ ಇಂಡಿಕೇಟರು ಮಿಣುಕುತ್ತ ಮಿಣುಕುತ್ತ ಬಂದ ದಾರಿಯಲ್ಲೇ ವಾಪಸು ಹೋಯಿತು.